ಜಾಗೀರು ಮನೆತನದ ಚರಿತ್ರೆ ಬರೆಯಲು ನಾನು ಹಿಡಿದ ದಾರಿ: ಸಾವಿನ ಕಡತ

ನಮ್ಮ ಅಮ್ಮೀ ಕಡೆಯವರು ಜಾಗೀರ್‌ದಾರರು. ಅಂದರೆ ಹಳ್ಳಿಗಳ ಕಂದಾಯ ಅನುಭವಿಸೋ ಹಕ್ಕನ್ನು ದೊರೆಯಿಂದ ಪಡೆದವರು. ದೊಡ್ಡವರೇನಲ್ಲ. ನಿಜಾಮರ ಕಾಲದಲ್ಲಿ ಬೀದರ್ ಜಿಲ್ಲೆಯಲ್ಲಿ ಎರಡು ಹಳ್ಳಿ ಇದ್ದವು, ಅಷ್ಟೇ. ನಿಜಾಮರಿಗಾಗಿ ಸೈನ್ಯ ಇಟ್ಟುಕೊಂಡಿದ್ದ ಪಾಯಗಾ ನವಾಬರ ಮುಂದೆ, ಕೊಪ್ಪಳ-ಯಲಬುರ್ಗಾ ಸೀಮೆಯನ್ನೇ ಜಾಗೀರಾಗಿ ಪಡೆದಿದ್ದ ಸಾಲಾರ್ ಜಂಗ್ ಮನೆತನದ ಮುಂದೆ ನಮ್ಮವರು ಲೆಕ್ಕಕ್ಕೇ ಇಲ್ಲ. ಆದರೂ ಮದುವೆ ಮನೆಯಲ್ಲಿ ನಾಲ್ಕು ಜನ ಸೇರಿದರೆ ಸಾಕು, ಆನೆ ಇತ್ತು, ಅಂಬಾರಿ ಇತ್ತು ಅಂತ ಶುರುವಾಗುತ್ತೆ. ಇದನ್ನೆಲ್ಲ ಬರೆದಿಡೋಣ ಅಂತ ನಾನು ಕೂತಾಗ ಎಲ್ಲರೂ ತಂದುಕೊಟ್ಟದ್ದು ಶಜರಾ, ಅಂದರೆ ವಂಶವೃಕ್ಷ. ಅದು ಬಗ್ದಾದಿನಿಂದ ಹೊರಡುತ್ತೆ. ನಾನು ನೋಡಿದ ಎಲ್ಲ ಮನೆಯ ಶಜರಾಗಳೂ ಹಾಗೇ, ಬಗ್ದಾದ್ ಇಲ್ಲವೇ ಬುಖಾರಾ. ಬೀದರಿನಲ್ಲೇ ಹುಟ್ಟಿ ಬೆಳೆದ ಮೂಲಪುರುಷ ಯಾರಿಗೂ ಬೇಡ. ಅದರಲ್ಲಿ ಹೆಂಗಸರ ಹೆಸರೂ ಇಲ್ಲ, ಸಾಲಗಾರರೂ ಇಲ್ಲ, ದಾಯಾದಿ ಜಗಳವೂ ಇಲ್ಲ. ಒಂದು ನಕಲು ತೆಗೆದು ಪಕ್ಕಕ್ಕಿಟ್ಟೆ.

ನನಗೆ ದಾರಿ ಸಿಕ್ಕಿದ್ದು ಜಾಗೀರಿನ ಕಾನೂನು ಅರ್ಥವಾದ ಮೇಲೆ. ಹೈದರಾಬಾದ್ ಸಂಸ್ಥಾನದಲ್ಲಿ ನೂರಕ್ಕೆ ಸುಮಾರು 60 ಭಾಗ ಸರ್ಕಾರದ ದಿವಾನಿ ಜಮೀನು, ಸುಮಾರು 10 ಭಾಗ ನಿಜಾಮರ ಸ್ವಂತದ ಸರ್ಫ್-ಎ-ಖಾಸ್, ಹೆಚ್ಚುಕಡಿಮೆ ಉಳಿದದ್ದೆಲ್ಲ ಪಾಯಗಾ, ಜಾಗೀರು, ನಿಜಾಮರ ಅಧೀನದ ಚಿಕ್ಕ ಸಂಸ್ಥಾನಗಳು. ಆದರೆ ಜಾಗೀರು ಜಾಗೀರ್‌ದಾರನ ಆಸ್ತಿಯಲ್ಲ. ಅದು ಅವನು ಇರೋವರೆಗಿನ ಕೊಡುಗೆ. ಅವನು ಸತ್ತ ದಿನ ಅದು ಸರ್ಕಾರಕ್ಕೆ ವಾಪಸ್ಸು ಹೋದ ಹಾಗೆ. ಮಗನಿಗೆ ಬೇಕಿದ್ದರೆ ಅರ್ಜಿ ಹಾಕಬೇಕು, ವಿಚಾರಣೆ ಆಗಬೇಕು, ಆಮೇಲೆ ಹೊಸದಾಗಿ ಮಂಜೂರಾಗಬೇಕು. ಇದಕ್ಕೆ ವಿರಾಸತ್ ವಿಚಾರಣೆ ಅಂತಿದ್ದರು. ಹಾಗಾಗಿ ಪ್ರತಿ ಸಾವಿಗೂ ಒಂದು ಕಡತ. ಹುಟ್ಟಿದ್ದಕ್ಕೆ ಕಾಗದ ಇಲ್ಲ, ಸತ್ತದ್ದಕ್ಕೆ ಇದೆ! ಅಂದಿನಿಂದ ನಾನು ಮನೆಯ ಹಿರಿಯರನ್ನು 'ಅವರು ಎಷ್ಟು ದೊಡ್ಡವರಾಗಿದ್ದರು' ಅಂತ ಕೇಳೋದು ಬಿಟ್ಟು 'ಅವರು ಯಾವಾಗ ತೀರಿಕೊಂಡರು, ಆಮೇಲೆ ಯಾರ್ಯಾರು ಜಗಳ ಆಡಿದರು' ಅಂತ ಕೇಳತೊಡಗಿದೆ. ಜಗಳ ಆದಷ್ಟೂ ಕಾಗದ ಜಾಸ್ತಿ.

ವಿಚಾರಣೆ ಮುಗಿದ ಮೇಲೆ ಕೊಡೋ ಹಕ್ಕುಪತ್ರಕ್ಕೆ ಮುಂತಖಬ್ ಅಂತ ಹೆಸರು. ನಮ್ಮ ನಾನಿಯ ಟ್ರಂಕಿನಲ್ಲಿ ಒಂದರ ನಕಲು ಸಿಕ್ಕಿತು. ಮಡಚಿದ ಗೆರೆಯಲ್ಲೆಲ್ಲ ಹರಿದಿದೆ, ಒಂದು ಮೂಲೆ ಗೆದ್ದಲು ತಿಂದಿದೆ. ಮೇಲೆ ಹಳ್ಳಿಗಳ ಹೆಸರು. ಕೆಳಗೆ ಪಟ್ಟಿ: ಹೆಸರು, ಸತ್ತವರಿಗೆ ಏನಾಗಬೇಕು, ಪಾಲು ಎಷ್ಟು. ಹಿರಿಮಗ ಕಾಬಿಜ್, ಅಂದರೆ ಜಾಗೀರಿನ ಆಡಳಿತ ಅವನ ಕೈಯಲ್ಲಿ. ತಮ್ಮಂದಿರು ಹಿಸ್ಸೆದಾರರು, ಅವರಿಗೆ ರೂಪಾಯಿಗೆ ಇಷ್ಟು ಆಣೆ ಅಂತ ಪಾಲು. ವಿಧವೆಯರಿಗೆ ಗುಜಾರಾ, ಜೀವನಾಂಶ. ಶಜರಾದಲ್ಲಿ ಒಬ್ಬ ಹೆಂಗಸೂ ಇಲ್ಲದ ಮನೆತನದಲ್ಲಿ ಇಲ್ಲಿ ಒಮ್ಮೆಗೇ ಮೂವರು ವಿಧವೆಯರು ಎದ್ದು ಬಂದರು. ಅದರಲ್ಲಿ ಒಬ್ಬರ ವಿಷಯ ಮನೆಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ. ಅಥವಾ ಗೊತ್ತಿದ್ದೂ ಸುಮ್ಮನಿದ್ದರೇನೋ. ಹೆಂಗಸರ ಜಾಡು ಹಿಡಿಯಲು ಇನ್ನೊಂದು ಕಾಗದ ಖಾಜಿಗಳ ಹತ್ತಿರದ ಸಿಯಾಹ, ನಿಕಾಹದ ದಾಖಲೆ. ವಧುವಿನ ತಂದೆ ಯಾರು, ಮೆಹರ್ ಎಷ್ಟು ಅಂತ ಅದರಲ್ಲಿ ಇರುತ್ತೆ.

ಓದೋದು ಮಾತ್ರ ಸುಲಭ ಅಲ್ಲ. 1884ರಲ್ಲಿ ಆಡಳಿತ ಭಾಷೆ ಫಾರಸಿಯಿಂದ ಉರ್ದುವಿಗೆ ಬದಲಾಯಿತು, ಹಾಗಾಗಿ ಅದಕ್ಕಿಂತ ಹಿಂದಿನದೆಲ್ಲ ಫಾರಸಿ, ಅದೂ ಶಿಕಸ್ತಾ ಬರವಣಿಗೆ, ಚುಕ್ಕೆಗಳಿಲ್ಲದೆ ಒಂದಕ್ಕೊಂದು ಎಳೆದುಕೊಂಡು ಹೋದ ಅಕ್ಷರ. ನನಗೆ ಉರ್ದು ಬರುತ್ತೆ, ಆದರೂ ಆಗಲಿಲ್ಲ. ಲೆಕ್ಕ ಇನ್ನೂ ಕಷ್ಟ. ಹಣದ ಮೊತ್ತವನ್ನು ಅಂಕಿಯಲ್ಲಿ ಬರೆಯದೆ ಸಿಯಾಖ್ ಅನ್ನೋ ಗುರುತುಗಳಲ್ಲಿ ಬರೆಯುತ್ತಿದ್ದರು. ನಮ್ಮೂರಿನ ಒಬ್ಬ ನಿವೃತ್ತ ಮೌಲ್ವಿಸಾಹೇಬರು ಅದನ್ನು ದಿನಪತ್ರಿಕೆ ಥರ ಓದಿದರು. ಅಂಥವರು ಈಗ ಬಹಳ ಕಡಿಮೆ. ನಿಮಗೆ ಯಾರಾದರೂ ಗೊತ್ತಿದ್ದರೆ ಮೊದಲು ಅವರ ಹತ್ತಿರ ಹೋಗಿ, ಕಡತ ಆಮೇಲೆ ಹುಡುಕಿದರಾಯಿತು. ಓದಿಸುವಾಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ತಾರೀಖು ನೋಡಿಕೊಳ್ಳಬೇಕು. ಸರ್ಕಾರಿ ಕಡತದಲ್ಲಿರೋದು ಫಸಲಿ, ಅಂದರೆ ಕಂದಾಯದ ವರ್ಷ. ಹೈದರಾಬಾದಿನಲ್ಲಿ ಅದು ಅಕ್ಟೋಬರ್ 6ಕ್ಕೆ, ಆಜರ್ ತಿಂಗಳಿಂದ ಶುರು. ಇಸವಿ ಸಿಗಬೇಕಾದರೆ ಡಿಸೆಂಬರ್ ಕೊನೆಯ ತನಕ 590 ಕೂಡಿಸಬೇಕು, ಜನವರಿಯಿಂದ 591. ಜಾಗೀರು ರದ್ದತಿ ಕಾಯ್ದೆ 1358 ಫಸಲಿಯದು, ಬಂದದ್ದು 1949ರ ಆಗಸ್ಟ್‌ನಲ್ಲಿ. ಮನೆಯ ಖಾಸಗಿ ಕಾಗದಗಳು ಹಿಜರಿಯಲ್ಲಿರುತ್ತವೆ, ಅದರ ಲೆಕ್ಕವೇ ಬೇರೆ. ರೂಪಾಯಿಯೂ ಎರಡು ಥರ: ನಿಜಾಮರ ಹಾಲಿ ಸಿಕ್ಕಾ, ಬ್ರಿಟಿಷರ ಕಲ್ದಾರ್. ಏಳು ಹಾಲಿಗೆ ಸುಮಾರು ಆರು ಕಲ್ದಾರ್. ಇನ್ನು ಬಿರುದು. ದೊಡ್ಡವರದಾದರೆ ಕಡತದಲ್ಲಿ ಎಷ್ಟೋ ಸಲ ಹೆಸರು ಇರೋದಿಲ್ಲ, ಜಂಗ್, ದೌಲಾ, ಮುಲ್ಕ್ ಅಂತ ಬಿರುದೇ ಇರುತ್ತೆ, ಅದೂ ಅಪ್ಪನದೇ ಮಗನಿಗೂ ಬರಬಹುದು. ಸಾಲಾರ್ ಜಂಗ್ ಅಂದರೆ 1853ರಿಂದ 1883ರ ತನಕ ದಿವಾನರಾಗಿದ್ದ ಮೀರ್ ತುರಾಬ್ ಅಲಿ ಖಾನ್, ಅವರ ಮಗ ಮೀರ್ ಲಾಯಕ್ ಅಲಿ ಖಾನ್, ಮೊಮ್ಮಗ ಮೀರ್ ಯೂಸುಫ್ ಅಲಿ ಖಾನ್, ಮೂವರೂ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನ ಸಾಮಾನು ಬಹುಪಾಲು ಮೊಮ್ಮಗ ಕೂಡಿಸಿದ್ದು. ವರ್ಷ ಗೊತ್ತಿಲ್ಲದೆ ಬಿರುದು ಹಿಡಿದು ಹೊರಟರೆ ಅಜ್ಜನ ಕೆಲಸ ಮೊಮ್ಮಗನ ತಲೆಗೆ ಬರುತ್ತೆ.

ಕಾಗದಗಳು ಒಂದೇ ಕಡೆ ಇಲ್ಲ. ಭಾರತದ ಸೇನೆ ಹೈದರಾಬಾದನ್ನು ವಶಕ್ಕೆ ತೆಗೆದುಕೊಂಡ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ಹೊತ್ತಿನಲ್ಲಿ, ಅದರ ಬೆನ್ನಿಗೇ, ಬೀದರ್ ಕಡೆ ನಡೆದ ಹಿಂಸೆಯಲ್ಲಿ ಎಷ್ಟೋ ಮನೆಗಳು ಖಾಲಿಯಾದವು. ಜೀವ ಉಳಿಸಿಕೊಂಡು ಓಡಿದವರು ಟ್ರಂಕು ಹೊತ್ತುಕೊಂಡು ಹೋಗಲಿಲ್ಲ. 1956ರಲ್ಲಿ ಬೀದರ್, ಕಲಬುರಗಿ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. ಹಳೆಯ ಕಾಗದಕ್ಕೆ ಹೈದರಾಬಾದಿನ ತಾರ್ನಾಕದ ಪತ್ರಾಗಾರ, ಜಮೀನಿನ ಕಾಗದಕ್ಕೆ ಇಲ್ಲಿನ ತಹಶೀಲ್ ಕಚೇರಿ, ಎರಡೂ ಕಡೆ ಅಲೆಯಬೇಕು. ಅರ್ಜಿಯಲ್ಲಿ 'ನಮ್ಮ ಮನೆತನದ ದಾಖಲೆ' ಅಂತ ಬರೆದರೆ ಯಾರೂ ಏನೂ ಹುಡುಕಿಕೊಡಲಾರರು. ಹಳ್ಳಿಯ ಹೆಸರು, ತಾಲ್ಲೂಕು, ಸತ್ತವರ ಬಿರುದು, ಅಂದಾಜು ಫಸಲಿ ವರ್ಷ ಬರೆಯಿರಿ.

ಕೊನೆಗೆ ಆ ಎರಡು ಹಳ್ಳಿಗೂ ಹೋದೆ. 1974ರ ಭೂಸುಧಾರಣೆಯಾದ ಮೇಲೆ ಗೇಣಿದಾರರ ಅರ್ಜಿ ಫಾರಂ ನಂಬರ್ 7 ಹಾಕಿ ಉಳುವ ಹೊಲ ತಮ್ಮದು ಮಾಡಿಕೊಂಡ ಮನೆಗಳವರು ಚಹಾ ಕೊಟ್ಟು ಕೂರಿಸಿ ಮಾತಾಡಿಸಿದರು. ಒಬ್ಬ ಅಜ್ಜಿ ನನ್ನ ಮುಖ ನೋಡಿ, "ನಿಮ್ಮ ಮುತ್ಯಾನ ಮನಿಗೆ ನಮ್ಮವ್ವ ಬಿಟ್ಟಿ ನೀರು ಹೊತ್ತಾಳವ್ವ" ಅಂದರು. ಸಿಟ್ಟಿನಿಂದಲ್ಲ, ಹಾಗೇ ಹೇಳಿದರು. ಆನೆ ಅಂಬಾರಿ ಕಂಡವರು ಅಲ್ಲಿ ಯಾರೂ ಸಿಗಲಿಲ್ಲ. ಅದನ್ನೂ ಬರೆದು ಮನೆಯವರಿಗೆಲ್ಲ ಓದಲು ಕೊಟ್ಟೆ. ದೊಡ್ಡ ಮಾಮೂ ಆ ಪುಟ ತೆಗೆದುಹಾಕು ಅಂತ ಈಗಲೂ ಹಟ ಹಿಡಿದಿದ್ದಾರೆ. ಯಾರಿಗೂ ಗೊತ್ತಿಲ್ಲ ಅಂದಿದ್ದ ಆ ವಿಧವೆಯ ವಿಷಯಕ್ಕೂ ಅವರ ತಕರಾರಿದೆ. ಎರಡನ್ನೂ ಹಾಗೇ ಇಟ್ಟಿದ್ದೇನೆ, ಅವರ ತಕರಾರನ್ನು ಅವರ ಮಾತಿನಲ್ಲೇ ಕೆಳಗೆ ಸೇರಿಸಿದ್ದೇನೆ.