ಮೈಎಸ್‌ಕ್ಯೂಎಲ್ ಲಾಗ್‌ನಲ್ಲಿ ‘ಐಪಿ ಅಡ್ರೆಸ್ ರಿಸಾಲ್ವ್ ಆಗಲಿಲ್ಲ’: ನಾನು ಸರಿಪಡಿಸಿದ ಬಗೆ

ಗಂಗಾವತಿಯ ಒಂದು ರೈಸ್‌ಮಿಲ್‌ನಲ್ಲಿ ತೂಕದ ಕಾಟಾ, ಬಿಲ್ಲಿಂಗ್, ಗೋದಾಮು ಮೂರೂ ಕಡೆಯ ಕಂಪ್ಯೂಟರ್‌ಗಳಿಗೆ ಒಂದೇ ಮೈಎಸ್‌ಕ್ಯೂಎಲ್ 8.0 (ಡೇಟಾಬೇಸ್ ಸಾಫ್ಟ್‌ವೇರ್) ಸರ್ವರ್. ಅದರ ಎರರ್ ಲಾಗ್‌ನಲ್ಲಿ ಎಂವೈ-010055 ನಂಬರಿನ ವಾರ್ನಿಂಗ್ ಬರುತ್ತಿತ್ತು: ಇಂಥ ಐಪಿ ಅಡ್ರೆಸ್ (ಜಾಲದಲ್ಲಿ ಕಂಪ್ಯೂಟರಿನ ನಂಬರ್) ‘ಕುಡ್ ನಾಟ್ ಬಿ ರಿಸಾಲ್ವ್ಡ್’, ಅಂದರೆ ಅದರ ಹೆಸರು ಪತ್ತೆಯಾಗಲಿಲ್ಲ. ಲಾಗಿನ್, ಕ್ವೆರಿ, ಡೇಟಾ ಎಲ್ಲವೂ ಸರಿಯಾಗಿದ್ದವು.

ಬೇರೆ ಕಂಪ್ಯೂಟರಿನಿಂದ ಟಿಸಿಪಿ (ನೆಟ್‌ವರ್ಕ್) ಮೂಲಕ ಯಾರಾದರೂ ಮೊದಲ ಸಲ ಬಂದಾಗ ಮೈಎಸ್‌ಕ್ಯೂಎಲ್ ಆ ಐಪಿಯ ಹೆಸರೇನೆಂದು ಡಿಎನ್ಎಸ್ (ಹೆಸರು-ಐಪಿ ಹೊಂದಿಸುವ ವ್ಯವಸ್ಥೆ) ಅನ್ನು ಕೇಳುತ್ತದೆ. ಯೂಸರ್ ಎಲ್ಲಿಂದ ಬರಬಹುದು ಎಂದು ಹೇಳುವ, ಅಕೌಂಟಿನ ಹೋಸ್ಟ್ ಭಾಗದಲ್ಲಿ ಐಪಿ ಬದಲು ಕಂಪ್ಯೂಟರಿನ ಹೆಸರೂ ಇರಬಹುದಲ್ಲ. 192.168ರಿಂದ ಶುರುವಾಗುವ ಒಳಜಾಲದ ಅಡ್ರೆಸ್‌ಗಳಿಗೆ ಇಂಟರ್ನೆಟ್ಟಿನ ಡಿಎನ್ಎಸ್‌ನಲ್ಲಿ ಹೆಸರೇ ಇರುವುದಿಲ್ಲ. ಆಗ ಸರ್ವರ್ ಒಂದು ಸಾಲು ಬರೆದು, ಬರೀ ಐಪಿಯಿಂದಲೇ ಅಕೌಂಟ್ ಹೊಂದಿಸಿ ಒಳಗೆ ಬಿಡುತ್ತದೆ. ಇಷ್ಟೇ ಆದರೆ ಅಪಾಯವಿಲ್ಲ.

ಸಾಲಿನ ಕೊನೆಯನ್ನು ಮಾತ್ರ ಓದದೆ ಬಿಡಬೇಡಿ. ‘ನೇಮ್ ಆರ್ ಸರ್ವಿಸ್ ನಾಟ್ ನೋನ್’ ಎಂದಿದ್ದರೆ ಹೆಸರಿಲ್ಲ ಎಂಬ ಖಚಿತ ಉತ್ತರ ಸಿಕ್ಕಿದೆ; ಅದು ಹೋಸ್ಟ್ ಕ್ಯಾಶ್‌ನಲ್ಲಿ (ಸರ್ವರ್ ನೆನಪಿಟ್ಟುಕೊಳ್ಳುವ ಪಟ್ಟಿ) ಉಳಿಯುವುದರಿಂದ ಅದೇ ಐಪಿಗೆ ಮತ್ತೆ ಮತ್ತೆ ಕೇಳುವುದಿಲ್ಲ. ಸಾಮಾನ್ಯವಾಗಿ ಸರ್ವರ್ ರೀಸ್ಟಾರ್ಟ್ ಆದಾಗ, ಡಿಎಚ್‌ಸಿಪಿ (ತಾನಾಗಿ ಐಪಿ ಹಂಚುವ ವ್ಯವಸ್ಥೆ) ಹೊಸ ಐಪಿ ಕೊಟ್ಟಾಗ ಸಾಲು ಮರಳುತ್ತದೆ. ‘ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್’ ಎಂದಿದ್ದರೆ ಡಿಎನ್ಎಸ್ ಸರ್ವರೇ ಉತ್ತರಿಸಿಲ್ಲ. ಇಂಥ ಫಲಿತಾಂಶವನ್ನು ಕ್ಯಾಶ್ ಖಚಿತವೆಂದು ಹಿಡಿಯುವುದಿಲ್ಲ, ಸರ್ವರ್ ಪ್ರತಿ ಹೊಸ ಕನೆಕ್ಷನ್‌ಗೂ ಮತ್ತೆ ಕೇಳಿ ಕಾಯುತ್ತದೆ. ಲಿನಕ್ಸ್‌ನ ರಿಸಾಲ್ವರ್ (ಡಿಎನ್ಎಸ್ ಕೇಳುವ ಭಾಗ) ಸಾಮಾನ್ಯವಾಗಿ ಒಂದು ಡಿಎನ್ಎಸ್ ಸರ್ವರ್‌ಗೆ 5 ಸೆಕೆಂಡಿನಂತೆ 2 ಸಲ ಪ್ರಯತ್ನಿಸುತ್ತದೆ. ಇಂಟರ್ನೆಟ್ ಹೋದಾಗ ಒಳಜಾಲದ ಕಾಟಾ ಸಾಫ್ಟ್‌ವೇರ್ ತೆರೆಯಲು ತಡವಾಗುವುದು ಇದರಿಂದಲೇ. ಭತ್ತದ ಸುಗ್ಗಿಯಲ್ಲಿ ಕಾಟಾ ಮುಂದೆ ಟ್ರ್ಯಾಕ್ಟರ್‌ಗಳು ಸಾಲು ನಿಂತಾಗ ಆ ಹತ್ತು ಸೆಕೆಂಡು ಸಣ್ಣದಲ್ಲ.

ಹಾಗಾಗಿ ಸರ್ವರ್ ಹೆಸರು ಹುಡುಕುವುದನ್ನೇ ನಾನು ನಿಲ್ಲಿಸಿದೆ. ಅದಕ್ಕೂ ಮೊದಲು ಮೈಎಸ್‌ಕ್ಯೂಎಲ್ ಡೇಟಾಬೇಸಿನ ಯೂಸರ್ ಟೇಬಲ್‌ನಲ್ಲಿ ಯೂಸರ್, ಹೋಸ್ಟ್ ಎರಡು ಕಾಲಂ ನೋಡಿದೆ. ಹೋಸ್ಟ್‌ನಲ್ಲಿ ಐಪಿ, ಶೇಕಡಾ ಚಿಹ್ನೆ (ಯಾವುದಾದರೂ ಸರಿ ಎಂದರ್ಥ) ಅಥವಾ ಲೋಕಲ್‌ಹೋಸ್ಟ್ (ಸರ್ವರ್ ಇರುವ ಕಂಪ್ಯೂಟರೇ) ಇದ್ದರೆ ಚಿಂತೆಯಿಲ್ಲ; ಲೋಕಲ್‌ಹೋಸ್ಟಿನ ಒಂದು ತೊಡಕನ್ನು ಮಾತ್ರ ಕೊನೆಯಲ್ಲಿ ಹೇಳಿದ್ದೇನೆ. ಕಂಪ್ಯೂಟರಿನ ಹೆಸರಿದ್ದ ಅಕೌಂಟನ್ನು ‘ರಿನೇಮ್ ಯೂಸರ್’ ಕೊಟ್ಟು 192.168.1.% ಮಾಡಿದೆ; ಪಾಸ್‌ವರ್ಡ್, ಪರ್ಮಿಷನ್ ಹಾಗೇ ಉಳಿಯುತ್ತವೆ. ಆ ಅಕೌಂಟ್ ಡೇಟಾಬೇಸಿನಲ್ಲಿ ಉಳಿಸಿಟ್ಟ ಯಾವುದಾದರೂ ವ್ಯೂ (ಕ್ವೆರಿ) ಅಥವಾ ಪ್ರೊಸೀಜರಿನ (ಪ್ರೋಗ್ರಾಂ) ಡಿಫೈನರ್, ಅಂದರೆ ಅದರ ಒಡೆಯನಾಗಿ ದಾಖಲಾದ ಅಕೌಂಟ್, ಆಗಿದ್ದರೆ ಅಲ್ಲಿ ಹೆಸರು ತಾನಾಗಿ ಬದಲಾಗುವುದಿಲ್ಲ, ಅದನ್ನು ಬೇರೆಯಾಗಿ ತಿದ್ದಬೇಕು.

ನಂತರ ಉಬುಂಟು ಲಿನಕ್ಸ್‌ನ ಮೈಎಸ್‌ಕ್ಯೂಎಲ್‌ಡಿ.ಸಿಎನ್‌ಎಫ್ ಎಂಬ ಸೆಟ್ಟಿಂಗ್ ಫೈಲಿನಲ್ಲಿ, ಮೈಎಸ್‌ಕ್ಯೂಎಲ್‌ಡಿ ವಿಭಾಗದ ಕೆಳಗೆ ‘ಸ್ಕಿಪ್_ನೇಮ್_ರಿಸಾಲ್ವ್ = ಆನ್’ ಸೇರಿಸಿದೆ. ಇದು ಸರ್ವರ್ ಓಡುತ್ತಿರುವಾಗ ಬದಲಾಗದು, ರೀಸ್ಟಾರ್ಟ್ ಬೇಕೇ ಬೇಕು. ರಾತ್ರಿ ಕಾಟಾ ಮುಚ್ಚಿದ ಮೇಲೆ, ಬ್ಯಾಕಪ್ ತೆಗೆದು ಮಾಡಿ.

ಎಂಟು ಸಾಲಿಗೆ ಆರು ಸಾಲು ಇದೇ ವಾರ್ನಿಂಗ್ ಆದರೂ ಲಾಗ್ ವರ್ಬಾಸಿಟಿಯನ್ನು (ಲಾಗ್‌ನಲ್ಲಿ ಎಷ್ಟು ಬರೆಯಬೇಕೆಂಬ ಮಟ್ಟ) 1ಕ್ಕೆ ಇಳಿಸಬೇಡಿ, ನಿಜವಾಗಿ ಬೇಕಾದ ವಾರ್ನಿಂಗ್‌ಗಳೂ ಅದರೊಂದಿಗೆ ಮಾಯವಾಗುತ್ತವೆ. ಈ ಒಂದೇ ನಂಬರನ್ನು ಸಪ್ರೆಷನ್ ಲಿಸ್ಟ್‌ಗೆ (ಲಾಗ್‌ನಲ್ಲಿ ಬರೆಯಬಾರದ ನಂಬರ್‌ಗಳ ಪಟ್ಟಿ) ಹಾಕಬಹುದು, ಆದರೆ ಸಾಲು ಮರೆಯಾಗುತ್ತದೆಯೇ ಹೊರತು ಕಾಯುವುದು ತಪ್ಪುವುದಿಲ್ಲ.

ರೀಸ್ಟಾರ್ಟ್ ಆದಮೇಲೆ ಲಾಗ್‌ನಲ್ಲಿ ಯಾವುದೋ ಯೂಸರ್ ಎಂಟ್ರಿ ‘ಇಗ್ನೋರ್ಡ್ ಇನ್ ಸ್ಕಿಪ್ ನೇಮ್ ರಿಸಾಲ್ವ್ ಮೋಡ್’ ಎಂದು ಬಂದರೆ ಹೆಸರಿನ ಅಕೌಂಟ್ ಇನ್ನೂ ಉಳಿದಿದೆ ಎಂದರ್ಥ. ಸರ್ವರ್ ಮೇಲೆಯೇ ಓಡುವ ಬ್ಯಾಕಪ್ ಸ್ಕ್ರಿಪ್ಟ್ 127.0.0.1ಗೆ (ಕಂಪ್ಯೂಟರ್ ತನ್ನನ್ನೇ ಕರೆಯುವ ಐಪಿ) ಸೇರುತ್ತಿದ್ದರೆ ಅದೂ ನಿಲ್ಲಬಹುದು, ಏಕೆಂದರೆ ಈಗ ಆ ಐಪಿ ಲೋಕಲ್‌ಹೋಸ್ಟ್ ಆಗಿ ಬದಲಾಗುವುದಿಲ್ಲ. 127.0.0.1 ಹೋಸ್ಟಿನದೇ ಒಂದು ಅಕೌಂಟ್ ಮಾಡಿ, ಇಲ್ಲವೇ ಸ್ಕ್ರಿಪ್ಟನ್ನು ಯುನಿಕ್ಸ್ ಸಾಕೆಟ್‌ಗೆ (ಅದೇ ಕಂಪ್ಯೂಟರಿನೊಳಗೆ ಐಪಿ ಇಲ್ಲದೆ ಸೇರುವ ದಾರಿ) ತಿರುಗಿಸಿ.