ಕೈಮರದ ತಂತಿ ಹೊಂದಿಸುವ ಕ್ರಮ: ಒಂಟಿ ತಂತಿಯ ಹಳೆಯ ಸಿಗ್ನಲ್‌ಗಳಿಗೆ

ಕೈಮರ ಬಿತ್ತೇ, ಗಾಡಿ ಬರುತ್ತಿದೆಯೇ ಎಂದು ನೋಡುವುದು ಪ್ಲಾಟ್‌ಫಾರ್ಮಿನಲ್ಲಿ ನಿಂತವರ ಕೆಲಸ. ಸಿಗ್ನಲ್ ನೋಡಿಕೊಳ್ಳುವವರ ಚಿಂತೆಯೇ ಬೇರೆ: ಬಿದ್ದ ಕೈ ಮತ್ತೆ ಎದ್ದಿತೇ? ಕ್ಯಾಬಿನ್ನಿನಲ್ಲಿ (ಸಿಗ್ನಲ್ ಆಡಿಸುವ ಕೋಣೆ) ಲಿವರ್ ಎಳೆದರೂ ಕೈ ಇಳಿಯದಿದ್ದರೆ ಗಾಡಿ ತಡವಾಗುತ್ತದೆ, ಅಷ್ಟೇ. ಲಿವರನ್ನು ವಾಪಸ್ ಇಟ್ಟ ಮೇಲೂ ಕೈ ಅಡ್ಡಕ್ಕೆ ಬರದಿದ್ದರೆ ಹಿಂದಿನಿಂದ ಬರುವ ಗಾಡಿಗೂ ದಾರಿ ಕೊಟ್ಟಂತಾಗುತ್ತದೆ. ಆದ್ದರಿಂದ ಇಲ್ಲಿ ಎಳೆಯುವುದಕ್ಕಿಂತ ವಾಪಸಾಗುವುದರ ಮಾತೇ ಹೆಚ್ಚು. ಹೇಳಿರುವುದೆಲ್ಲ ನಮ್ಮ ಮೀಟರ್‌ಗೇಜ್ ನಿಲ್ದಾಣಗಳಲ್ಲಿದ್ದಂಥ ಲೋಯರ್ ಕ್ವಾಡ್ರಂಟ್ ಕೈಮರಕ್ಕೆ. ಅದರ ಕೈ ಅಡ್ಡಕ್ಕಿದ್ದರೆ ನಿಲ್ಲು, 45ರಿಂದ 60 ಡಿಗ್ರಿ ಕೆಳಗಿಳಿದಿದ್ದರೆ ಹೋಗು. ಎರಡು ತಂತಿಯ ವ್ಯವಸ್ಥೆಗೆ ಈ ಕ್ರಮ ಹೊಂದುವುದಿಲ್ಲ.

ಲಿವರಿನ ಬಾಲದಿಂದ ಹೊರಟ ಎಳೆತ ತಂತಿಯ ಬಿಗಿ ಹೊಂದಿಸುವ ಹಲ್ಲಿನ ಅಡ್ಜಸ್ಟರ್, ಸರಪಳಿ ಗಾಲಿ, ಗೂಟಗಳ ಮೇಲಿನ ರಾಟೆಗಳನ್ನು ದಾಟಿ ಕಂಬದ ಬುಡದ ತೂಕದ ಲಿವರಿಗೆ ಮುಟ್ಟುತ್ತದೆ. ಅಲ್ಲಿಂದ ಕಂಬದುದ್ದಕ್ಕೂ ಮೇಲೇರುವ ಡೌನ್ ರಾಡ್ ಎಂಬ ಸರಳು ಕೈಯನ್ನು ಆಡಿಸುತ್ತದೆ. ತಂತಿ ಎಳೆಯಬಲ್ಲದೇ ಹೊರತು ತಳ್ಳಲಾರದು. ವಾಪಸ್ ತರುವುದು ಬುಡದ ಆ ತೂಕ. ಮೇಲೆ ಕೈಗೆ ತನ್ನಷ್ಟಕ್ಕೆ ಬಿಟ್ಟರೆ ಕೆಳಗೆ ಜೋಲುವ ಗುಣ; ಅದನ್ನು ಎತ್ತಿ ಹಿಡಿಯುವುದು ತಿರುಗುಗುಂಡಿಯ ಆಚೆ ಬದಿಯ ಸ್ಪೆಕ್ಟಕಲ್ ಚೌಕಟ್ಟು ಮತ್ತು ದೀಪಕ್ಕೆ ಬಣ್ಣ ಕೊಡುವ ಅದರ ಗಾಜುಗಳ ಭಾರ. ಡೌನ್ ರಾಡ್ ತುಂಡಾದರೂ ಆ ಭಾರವೊಂದೇ ಕೈಯನ್ನು ಅಡ್ಡಕ್ಕೆ ತರಬೇಕು.

ಇದು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಆಬಟ್ಸ್ ರಿಪ್ಟನ್‌ನಲ್ಲಿ 1876ರ ಜನವರಿಯಲ್ಲಿ ನಡೆದ ಅಪಘಾತವೇ ಸಾಕ್ಷಿ. ಕಂಬದ ಸೀಳಿನೊಳಗೆ ಆಡುತ್ತಿದ್ದ ಕೈ ಹಿಮದಲ್ಲಿ ಸಿಕ್ಕಿಕೊಂಡಿತು. ಕ್ಯಾಬಿನ್ನಿನಲ್ಲಿ ಲಿವರ್ ನಿಲ್ಲಿಸುವ ಸ್ಥಾನದಲ್ಲಿದ್ದರೂ ಸಿಗ್ನಲ್ ದಾರಿ ಕೊಡುತ್ತಲೇ ಇತ್ತು. ನಮ್ಮಲ್ಲಿ ಹಿಮವಿಲ್ಲ; ತುಕ್ಕು, ಕೆಸರು, ಮಳೆಗಾಲದಲ್ಲಿ ರಾಟೆಗೆ ಸುತ್ತಿಕೊಳ್ಳುವ ಬಳ್ಳಿ ಸಾಕು.

ಕೆಲಸಕ್ಕೆ ಇಳಿಯುವ ಮುನ್ನ ಸ್ಟೇಷನ್ ಮಾಸ್ಟರ್‌ಗೆ ಟಿ/351 ಡಿಸ್ಕನೆಕ್ಷನ್ ಮೆಮೊ (ಸಿಗ್ನಲ್ಲನ್ನು ಬಳಕೆಯಿಂದ ಬಿಡಿಸುವ ಚೀಟಿ) ಕೊಟ್ಟು ಸಹಿ ಪಡೆಯಬೇಕು. ಪಿನ್ ಕಳಚುವುದು ಆಮೇಲಿನ ಮಾತು. ವಸ್ತುಸಂಗ್ರಹಾಲಯದ ಸಿಗ್ನಲ್ ಆದರೆ ಮೆಮೊ ಬೇಡ, ಆದರೆ ಲಿವರ್ ಬಳಿ ಒಬ್ಬರು, ಕಂಬದ ಬಳಿ ಒಬ್ಬರು ಇರಲೇಬೇಕು.

ಮೊದಲು ತಂತಿಯ ಉದ್ದಕ್ಕೂ ನಡೆಯಿರಿ. ಪ್ರತಿ ರಾಟೆಯನ್ನೂ ಬೆರಳಿನಿಂದ ತಿರುಗಿಸಿ. ತಿರುಗದ ರಾಟೆಯ ಮೇಲೆ ತಂತಿ ಉಜ್ಜಿ ಸವೆಯುತ್ತದೆ, ವಾಪಸಾಗುವಾಗ ಹಿಡಿದುಕೊಳ್ಳುತ್ತದೆ. ಅಚ್ಚಿಗೆ ತೆಳು ಎಣ್ಣೆ ಬಿಡಿ. ಗ್ರೀಸ್ ಬೇಡ, ಧೂಳು ಕೂಡಿ ಗಟ್ಟಿಯಾಗುತ್ತದೆ. ವಾಲಿದ ಗೂಟ ನೆಟ್ಟಗೆ ಮಾಡಿ. ತಂತಿ ಜೋಡಿಸಿದ ಗಂಟು ಎಲ್ಲಿದೆ ನೋಡಿ: ರಾಟೆಯಿಂದ ಅದರ ದೂರ ತಂತಿಯ ಓಟಕ್ಕಿಂತ (ಒಂದು ಎಳೆತಕ್ಕೆ ತಂತಿ ಸರಿಯುವ ದೂರ) ಕಡಿಮೆಯಿದ್ದರೆ ಲಿವರ್ ಎಳೆದಾಗ ಗಂಟು ರಾಟೆಗೆ ಬಂದು ಬಡಿಯುತ್ತದೆ, ಒಮ್ಮೊಮ್ಮೆ ರಾಟೆ ದಾಟಿ ಆಚೆಯೇ ಕೂರುತ್ತದೆ. ಜನ, ದನ ದಾಟುವ ಕಡೆ ತಂತಿಗೆ ಮುಚ್ಚಿಗೆ ಇರಬೇಕು. ಬಿಗಿಯಾದ ತಂತಿಯ ಮೇಲೆ ಎಮ್ಮೆ ಕಾಲಿಟ್ಟರೂ ದೂರದಲ್ಲಿ ಕೈ ಕೆಳಗಿಳಿಯಬಹುದು.

ಇನ್ನು ಹೊಂದಿಸುವುದು. ಲಿವರ್ ತನ್ನ ಮೊದಲ ಸ್ಥಾನದಲ್ಲಿರಲಿ. ಬುಡದ ತೂಕದ ಲಿವರ್ ತನ್ನ ತಡೆಯ ಮೇಲೆ ಪೂರ್ತಿ ಕೂರುವವರೆಗೆ ಅಡ್ಜಸ್ಟರ್ ಸಡಿಲಿಸಿ. ಬಳಿಕ ಒಂದೊಂದೇ ಹಲ್ಲು ಬಿಗಿಮಾಡುತ್ತಾ ಬನ್ನಿ. ತೂಕ ಏಳಲು ಹವಣಿಸಿದ ಕೂಡಲೇ ಕಂಬದ ಬಳಿ ಇರುವವರು ಕೂಗಲಿ. ಅಲ್ಲಿಂದ ಒಂದೆರಡು ಹಲ್ಲು ಹಿಂದಕ್ಕೆ ಬಿಡಿ. ಈಗ ಲಿವರ್ ಪೂರ್ತಿ ಎಳೆದು ಅದನ್ನು ಹಿಡಿದಿಡುವ ಕ್ಯಾಚ್ ಹಲ್ಲಿಗೆ ಬಿದ್ದ ಮೇಲೆ ಕೈ ಎಷ್ಟು ಇಳಿದಿದೆ ನೋಡಿ. 45 ಡಿಗ್ರಿ ಮುಟ್ಟದಿದ್ದರೆ ತಂತಿಯನ್ನೇ ಬಿಗಿಮಾಡಿಬಿಡುವ ಆಸೆಯಾಗುತ್ತದೆ. ಮಾಡಬೇಡಿ. ಮೊದಲು ಓಟ ಎಲ್ಲಿ ಕಳೆದುಹೋಗುತ್ತಿದೆ ಹುಡುಕಿ: ಸವೆದ ಪಿನ್, ಮೊಟ್ಟೆಯಾಕಾರಕ್ಕೆ ಹಿಗ್ಗಿದ ಕ್ರ್ಯಾಂಕ್ ತೂತು, ಎಳೆದಾಗಲೆಲ್ಲ ಬಾಗುವ ಗೂಟ, ಎರಡು ರಾಟೆಗಳ ನಡುವೆ ಜೋತುಬಿದ್ದ ತಂತಿ. ಇವನ್ನು ಬಿಟ್ಟು ಬಿಗಿಮಾಡಿದರೆ ಹಗಲಲ್ಲಿ ಕೈ ಚೆನ್ನಾಗಿಯೇ ಬೀಳುತ್ತದೆ, ರಾತ್ರಿ ಪೂರ್ತಿ ಏಳುವುದಿಲ್ಲ.

ಕಾರಣ ಬಿಸಿಲು. ಒಂದು ಕಿಲೋಮೀಟರ್ ಉಕ್ಕಿನ ತಂತಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 12 ಮಿಲಿಮೀಟರ್ ಹಿಗ್ಗುತ್ತದೆ. ನಿಲ್ದಾಣದ ಹೊರಗಿನ ಔಟರ್ ಸಿಗ್ನಲ್ 800 ಮೀಟರ್ ದೂರವಿದ್ದು, ಬೆಳಗಿನ ಜಾವಕ್ಕೂ ನಡುಮಧ್ಯಾಹ್ನಕ್ಕೂ ತಂತಿಯ ಬಿಸಿಯಲ್ಲಿ 20 ಡಿಗ್ರಿ ಅಂತರವಿದ್ದರೆ ವ್ಯತ್ಯಾಸ 19 ಸೆಂಟಿಮೀಟರ್. ಲಿವರಿನ ಓಟವನ್ನು ಬಹುಪಾಲು ನುಂಗಲು ಇಷ್ಟು ಸಾಕು. ಅದಕ್ಕೇ ಅಡ್ಜಸ್ಟರ್ ಇರುವುದು ಲಿವರ್‌ಮನ್ ಕೈಗೆಟಕುವಂತೆ. ಬಿಸಿಲೇರಿದಂತೆ ಬಿಗಿಮಾಡುವುದನ್ನು ಯಾರೂ ಮರೆಯುವುದಿಲ್ಲ, ಲಿವರೇ ನೆನಪಿಸುತ್ತದೆ. ಸಂಜೆ ಸಡಿಲಿಸುವುದನ್ನು ನೆನಪಿಸುವವರು ಯಾರೂ ಇಲ್ಲ. ಅನುಮಾನವಿದ್ದರೆ ಸಡಿಲ ಬಿಡಿ: ಸಡಿಲ ತಂತಿಯ ದೋಷ ಗಾಡಿ ನಿಲ್ಲಿಸುವ ಕಡೆಗೆ, ಬಿಗಿ ತಂತಿಯ ದೋಷ ದಾರಿ ಕೊಡುವ ಕಡೆಗೆ.

ಕೊನೆಗೆ ವಾಪಸಾತಿಯ ಪರೀಕ್ಷೆ. ಲಿವರನ್ನು ಬೇಕೆಂದೇ ನಿಧಾನವಾಗಿ ಹಿಂದಕ್ಕೆ ಬಿಡಿ. ಕೈ ಲಿವರಿನ ಜೊತೆಜೊತೆಗೇ ಏಳಬೇಕು. ಹಿಂದೆ ಉಳಿದು ಆಮೇಲೆ ಜಿಗಿದರೆ ಎಲ್ಲೋ ರಾಟೆ ಹಿಡಿಯುತ್ತಿದೆ ಎಂದರ್ಥ. ನಾಲ್ಕೈದು ಸಲ ಮಾಡಿ, ಒಂದು ಸಲ ಸರಿ ಬಂದದ್ದನ್ನು ನಂಬಬೇಡಿ. ಬಳಿಕ ಡೌನ್ ರಾಡ್‌ನ ಪಿನ್ ಕಳಚಿ, ಕೈಯನ್ನು ಕೆಳಗೆ ಒತ್ತಿ ಬಿಟ್ಟುಬಿಡಿ. ತಾನಾಗಿ ಅಡ್ಡಕ್ಕೆ ಬಾರದಿದ್ದರೆ ಸ್ಪೆಕ್ಟಕಲ್ಲಿನ ಭಾರ ಕಡಿಮೆಯಾಗಿದೆ ಅಥವಾ ಅಚ್ಚು ಒಣಗಿದೆ.

ಕ್ಯಾಬಿನ್ನಿನ ಒಳಗೆ ಲಿವರಿನ ಬಣ್ಣವೇ ದಾರಿ ತೋರಿಸುತ್ತದೆ: ನಿಲ್ಲುವ ಸಿಗ್ನಲ್‌ಗೆ ಕೆಂಪು, ಮುಂದಿನ ಸಿಗ್ನಲ್ ಬಗ್ಗೆ ಎಚ್ಚರಿಸುವ ವಾರ್ನರ್‌ಗೆ ಹಸಿರು, ಗಾಡಿಯ ಹಳಿ ಬದಲಿಸುವ ಪಾಯಿಂಟಿಗೆ ಕಪ್ಪು, ಪಾಯಿಂಟನ್ನು ಬಿಗಿಹಿಡಿಯುವ ಲಾಕಿಗೆ ನೀಲಿ, ಕೆಲಸವಿಲ್ಲದ್ದಕ್ಕೆ ಬಿಳಿ. ಮೊದಲು ಕಪ್ಪು, ಆಮೇಲೆ ನೀಲಿ, ಆಮೇಲೆ ಕೆಂಪು. ವಾರ್ನರ್ ಎಲ್ಲಕ್ಕಿಂತ ಕೊನೆಗೆ. ವಾಪಸಿಡುವಾಗ ಇದೇ ತಿರುವುಮುರುವು. ನೆಲದ ಕೆಳಗಿನ ಲಾಕಿಂಗ್ ಈ ಕ್ರಮವನ್ನು ತಪ್ಪಲು ಬಿಡುವುದಿಲ್ಲ. ಹಿಡಿಯನ್ನು ಬಟ್ಟೆಯಿಂದ ಹಿಡಿಯುವುದು ಠೀವಿಗಲ್ಲ: ಬೆವರು ತಾಕಿದರೆ ಹೊಳಪಿನ ಉಕ್ಕಿಗೆ ತುಕ್ಕು. ಒಂದು ಕಾಲು ಮುಂದಿಟ್ಟು, ಮೊದಲು ತಂತಿಯ ಸಡಿಲನ್ನು ತೆಗೆದುಕೊಂಡು, ಆಮೇಲೆ ಮೈಭಾರ ಹಾಕಿ ಒಂದೇ ಉಸಿರಿಗೆ ಎಳೆಯಿರಿ. ತೋಳಿನ ಬಲದಿಂದ ಎಳೆದರೆ ಸಂಜೆಗೆ ಸೊಂಟ ಹಿಡಿಯುತ್ತದೆ.

ಲಿವರ್ ಅಲುಗದಿದ್ದರೆ ಬಲಪ್ರಯೋಗ ಬೇಡ. ಕ್ಯಾಚೇ ಏಳದಿದ್ದರೆ ಬೇರೊಂದು ಲಿವರ್ ತಡೆಹಿಡಿದಿರಬಹುದು. ಅರ್ಧ ಬಂದು ಗಟ್ಟಿಯಾಗಿ ನಿಂತರೆ ಪಾಯಿಂಟಿನ ಬಳಿಯ ಡಿಟೆಕ್ಟರ್ ನೋಡಿ. ಸಿಗ್ನಲ್ ತಂತಿಯ ಪಟ್ಟಿಯೂ ಪಾಯಿಂಟಿನ ಪಟ್ಟಿಯೂ ಅಲ್ಲಿ ಒಂದನ್ನೊಂದು ಅಡ್ಡ ಹಾಯುತ್ತವೆ. ಪೂರ್ತಿ ಒತ್ತಿ ಕೂರಬೇಕಾದ ಪಾಯಿಂಟಿನ ಹಳಿಯ ನಾಲಿಗೆ ಸ್ವಲ್ಪ ಬಿಟ್ಟುಕೊಂಡಿದ್ದರೂ ಆ ಪಟ್ಟಿಗಳ ಕಚ್ಚುಗಳು ಎದುರುಬದುರಾಗುವುದಿಲ್ಲ. ಸಾಮಾನ್ಯವಾಗಿ ನಾಲಿಗೆಯ ನಡುವೆ ಒಂದು ಜಲ್ಲಿಕಲ್ಲು ಸಿಗುತ್ತದೆ. ಆ ಹೊತ್ತಿನಲ್ಲಿ ಲಿವರ್ ಜಗ್ಗಿ ತಂತಿ ಹಿಗ್ಗಿಸಿದರೆ, ಕಲ್ಲು ತೆಗೆದ ಮೇಲೆ ಮೇಲಿನ ಹೊಂದಾಣಿಕೆಯನ್ನೆಲ್ಲ ಮತ್ತೆ ಮಾಡಬೇಕು.

ದೀಪದ ವಿಷಯ ಚಿಕ್ಕದು. ಬತ್ತಿ ಸಮನಾಗಿ ಕತ್ತರಿಸಿ. ಓರೆ ಬತ್ತಿ ಗಾಜಿಗೆ ಮಸಿ ಹಿಡಿಸುತ್ತದೆ. ದೀಪದ ಹಿಂಬದಿಯ ಸಣ್ಣ ಕಿಂಡಿಯನ್ನೂ ಒರೆಸಿ, ಕೈ ಅಡ್ಡಕ್ಕೆ ಬಂದಿದೆಯೆಂದು ರಾತ್ರಿ ಕ್ಯಾಬಿನ್ನಿಗೆ ತಿಳಿಸುವುದು ಅಲ್ಲಿ ಕಾಣುವ ಬೆಳಕೇ. ಹಸಿರು ಗಾಜು ಹಗಲಲ್ಲಿ ನೀಲಿಯಂತೆ ಕಂಡರೆ ಬದಲಾಯಿಸಲು ಹೋಗಬೇಡಿ: ಸೀಮೆಎಣ್ಣೆ ಬೆಳಕು ಹಳದಿ, ಅದು ಈ ಗಾಜಿನ ಮೂಲಕ ಬಂದರೇನೇ ಹಸಿರು. ಪ್ರದರ್ಶನದ ಸಿಗ್ನಲ್‌ಗೆ ಬಿಳಿ ಎಲ್‌ಇಡಿ ಹಾಕಿದರೆ ನೀಲಿ ದೀಪ ಕಾಣುತ್ತದೆ. ಹಳದಿ ಛಾಯೆಯದನ್ನು ಆರಿಸಿ. ಒಡೆದ ಗಾಜಿನ ಜಾಗಕ್ಕೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೆ ಡೌನ್ ರಾಡ್ ಕಳಚುವ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಆ ಗಾಜಿನ ತೂಕವೂ ಕೈ ಎತ್ತುವ ಲೆಕ್ಕದಲ್ಲಿ ಸೇರಿತ್ತು.