ಬೆಟ್ಟ ಹತ್ತುವ ಮುಂಚೆ ಇಳಿಯುವ ಲೆಕ್ಕ ಹಾಕಿ

ಭಾನುವಾರ ಬೆಳಗಿನ ಜಾವ ಚಿಕ್ಕಬಳ್ಳಾಪುರದ ಬೆಟ್ಟಗಳ ಕಡೆ ಹೊರಟವರನ್ನು ಕೇಳಿ ನೋಡಿ. ಎಷ್ಟು ಗಂಟೆಗೆ ಮೇಲಿರಬೇಕು, ಸೂರ್ಯ ಯಾವ ಕಡೆ ಹುಟ್ಟುತ್ತಾನೆ, ಮೋಡ ಕಾಲ ಕೆಳಗೆ ಬರುತ್ತಾ ಇಲ್ವಾ, ಎಲ್ಲಾ ಗೊತ್ತಿರುತ್ತದೆ. ಎಷ್ಟು ಗಂಟೆಗೆ ಕೆಳಗಿರಬೇಕು ಅಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ನಮ್ಮ ಬೆಟ್ಟಗಳು ಎತ್ತರದಲ್ಲಿ ಅಂಥ ದೊಡ್ಡವೇನಲ್ಲ. ನಂದಿ 1,478 ಮೀಟರ್, ಪಕ್ಕದ ಸ್ಕಂದಗಿರಿ ಸುಮಾರು 1,450. ಮಲೆನಾಡಿನ ಜಿಗಣೆ, ಬಿಡದ ಮಳೆ ಇಲ್ಲಿಲ್ಲ. ಇಲ್ಲಿರುವುದು ಬೋಳು ಬಂಡೆ, ಬಿಸಿಲು, ನೀರಿಲ್ಲದ ದಾರಿ. ಈ ಮೂರೂ ಹತ್ತುವಾಗ ಸುಮ್ಮನಿರುತ್ತವೆ, ಇಳಿಯುವಾಗ ಕಾಡುತ್ತವೆ. ಹಾಗಾಗಿ ತಯಾರಿಯನ್ನು ಇಳಿಯುವ ಕಡೆಯಿಂದ ಶುರು ಮಾಡೋಣ.

1. ಮೊದಲ ಬೆಟ್ಟ ಯಾವುದು?

ಹೊಸಬರಿಗೆ ನಾನು ಹೇಳುವುದು ಗುಡಿಬಂಡೆ. ಬೆಂಗಳೂರು-ಹೈದರಾಬಾದ್ ಹೆದ್ದಾರಿಯಲ್ಲಿ ಪೇರೇಸಂದ್ರದ ಹತ್ತಿರ ಎಡಕ್ಕೆ ತಿರುಗಿದರೆ ಊರು ಸಿಗುತ್ತದೆ, ಊರ ಬೆನ್ನಿಗೇ ಬೆಟ್ಟ. ಪಾಳೇಗಾರ ಬೈರೇಗೌಡರು ಕಟ್ಟಿಸಿದ ಕೋಟೆ ಒಂದರ ಮೇಲೊಂದು ಸುತ್ತಾಗಿ ಮೇಲಕ್ಕೆ ಹೋಗುತ್ತದೆ. ಬಂಡೆಯ ತಗ್ಗುಗಳಲ್ಲಿ ಮಳೆನೀರು ನಿಲ್ಲಿಸುವ ಕೊಳಗಳಿವೆ. ಇಷ್ಟು ಒಣ ಜಾಗದಲ್ಲಿ ಕೋಟೆಯೊಳಗೆ ಜನ ಹೇಗೆ ಬದುಕಿದರು ಅನ್ನುವುದಕ್ಕೆ ಉತ್ತರ ಆ ಕೊಳಗಳೇ. ಮೇಲೆ ನಿಂತರೆ ಅಮಾನಿ ಬೈರಸಾಗರ ಕೆರೆ ಪೂರ್ತಿ ಕಾಣುತ್ತದೆ. ಭಾರತದ ನಕ್ಷೆಯ ಹಾಗಿದೆ ಅಂತ ಜನ ಹೇಳುತ್ತಾರೆ. ನನಗಂತೂ ಅದು ಕೆರೆಯ ಹಾಗೇ ಕಂಡಿದೆ. ಮುಖ್ಯ ವಿಷಯ ಏನೆಂದರೆ, ಎಲ್ಲಿ ಸುಸ್ತಾದರೂ ಅಲ್ಲಿಂದಲೇ ವಾಪಸ್ ಬರಬಹುದು, ಕೆಳಗೆ ಊರು ಕಾಣುತ್ತಲೇ ಇರುತ್ತದೆ.

ಎರಡನೆಯದು ನಂದಿ, ಆದರೆ ಕಾರಿನ ರಸ್ತೆಯಲ್ಲಲ್ಲ. ಸುಲ್ತಾನ್‌ಪೇಟೆ ಕಡೆಯಿಂದ ಹಳೆಯ ಕಲ್ಲಿನ ಮೆಟ್ಟಿಲುಗಳಿವೆ, ಸಾವಿರಕ್ಕೂ ಜಾಸ್ತಿ. ದಾರಿ ತಪ್ಪುವ ಭಯವಿಲ್ಲ. ಮಂಡಿ ಎಷ್ಟು ಗಟ್ಟಿ ಇದೆ ಅನ್ನುವುದು ಇಳಿಯುವಾಗ ಗೊತ್ತಾಗುತ್ತದೆ. ಸ್ಕಂದಗಿರಿ ಇವೆರಡೂ ಆದಮೇಲೆ.

2. ಅನುಮತಿ

ಸ್ಕಂದಗಿರಿ, ಕೋಲಾರದ ಅಂತರಗಂಗೆಯಂಥ ಚಾರಣದ ದಾರಿಗಳಿಗೆ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು. ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ದಿನ, ಹೊತ್ತು, ಶುಲ್ಕ ನೋಡಿಕೊಳ್ಳಿ. ಅವು ಆಗಾಗ ಬದಲಾಗುತ್ತವೆ, ಹೋದ ವರ್ಷ ಹೋಗಿಬಂದ ಗೆಳೆಯನ ಮಾತು ನಂಬಿ ಹೊರಡಬೇಡಿ. ಗುರುತಿನ ಚೀಟಿ ಜೇಬಿನಲ್ಲಿರಲಿ. ಬುಕಿಂಗ್ ಸಿಗಲಿಲ್ಲ ಅಂತ ರಾತ್ರಿ ಟಾರ್ಚ್ ಹಿಡಿದು ಇನ್ನೊಂದು ಕಡೆಯಿಂದ ನುಸುಳುವವರಿದ್ದಾರೆ. ದಂಡದ ಮಾತು ಬಿಡಿ, ಈ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಅವು ಓಡಾಡುವ ಹೊತ್ತೂ ಅದೇ.

ಜೋರು ಮಳೆಯ ಮಾರನೇ ದಿನ ಫೋನ್ ಮಾಡಿ ವಿಚಾರಿಸಿಕೊಳ್ಳಿ. 2021ರ ಆಗಸ್ಟ್‌ನಲ್ಲಿ ಭೂಕುಸಿತವಾಗಿ ನಂದಿಯ ರಸ್ತೆಯೇ ಮುಚ್ಚಿತ್ತು.

3. ಹೊತ್ತಿನ ಲೆಕ್ಕ, ಕೆಳಗಿನಿಂದ

ಒಂದು ಕಾಗದ ತಗೊಳ್ಳಿ. ಮೊದಲ ಸಾಲಿನಲ್ಲಿ ನೀವು ಬೆಟ್ಟದ ಬುಡಕ್ಕೆ ವಾಪಸ್ ಬಂದಿರಬೇಕಾದ ಗಂಟೆ ಬರೆಯಿರಿ. ಡಿಸೆಂಬರ್-ಜನವರಿಯಲ್ಲಿ ಅದು ಹನ್ನೊಂದೂವರೆ ಇರಲಿ. ಫೆಬ್ರುವರಿ ಕೊನೆಯಿಂದ ಹತ್ತು ಗಂಟೆ. ಏಪ್ರಿಲ್-ಮೇ ತಿಂಗಳಲ್ಲಿ ಹೋಗಲೇಬೇಡಿ ಅನ್ನುತ್ತೇನೆ. ಈ ಗಂಟೆ ದಾಟಿದರೆ ಬಂಡೆ ಕಾದ ಕಾವಲಿಯಾಗುತ್ತದೆ. ಮೇಲಿನಿಂದ ಸೂರ್ಯ, ಕೆಳಗಿನಿಂದ ಕಲ್ಲು.

ಈಗ ಅಲ್ಲಿಂದ ಹಿಂದಕ್ಕೆ ಎಣಿಸಿ. ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. 5 ಕಿಲೋಮೀಟರ್ ನಡೆಯಲು ಒಂದು ಗಂಟೆ, 600 ಮೀಟರ್ ಎತ್ತರಕ್ಕೆ ಇನ್ನೊಂದು ಗಂಟೆ. ಸ್ಕಂದಗಿರಿಗೆ ಹೋಗಿಬರಲು ಸುಮಾರು 8 ಕಿಲೋಮೀಟರ್, ಏರುವುದು ಸುಮಾರು 500 ಮೀಟರ್. ಹೋಗುವ 4 ಕಿಲೋಮೀಟರ್‌ಗೆ ಐವತ್ತು ನಿಮಿಷ, ಏರಿಗೆ ಇನ್ನೊಂದು ಐವತ್ತು. ಒಟ್ಟು ಒಂದು ಗಂಟೆ ನಲವತ್ತು ನಿಮಿಷ. ಇದು ಅಭ್ಯಾಸ ಇರುವವರು ನಿಲ್ಲದೆ ನಡೆದರೆ. ಫೋಟೊ, ನೀರು, 'ಸ್ವಲ್ಪ ಕೂತ್ಕೊಳ್ಳೋಣ' ಎಲ್ಲಾ ಸೇರಿಸಿ ಎರಡೂವರೆ ಗಂಟೆ ಇಟ್ಟುಕೊಳ್ಳಿ.

ಇಳಿಯಲು ಅರ್ಧ ಹೊತ್ತು ಸಾಕು ಅಂದುಕೊಳ್ಳುವಲ್ಲೇ ಎಲ್ಲರ ಲೆಕ್ಕ ತಪ್ಪುವುದು. ಉದುರುಗಲ್ಲಿನ ದಾರಿಯಲ್ಲಿ ಇಳಿಯಲು ಹತ್ತಿದಷ್ಟೇ ಹೊತ್ತು ಹಿಡಿಯಬಹುದು. ಎರಡು ಗಂಟೆ ಬರೆಯಿರಿ. ಮೇಲೆ ಕೂರಲು ಮುಕ್ಕಾಲು ಗಂಟೆ. ಎಲ್ಲಾ ಕೂಡಿಸಿದರೆ ಐದೂಕಾಲು ಗಂಟೆ. ಹನ್ನೊಂದೂವರೆಗೆ ಕೆಳಗಿರಬೇಕಾದರೆ ಆರೂಕಾಲಿಗೆ ಹೊರಟಿರಬೇಕು. ಅಷ್ಟು ಬೇಗ ಬಿಡುವುದಿಲ್ಲವೇ? ಹಾಗಾದರೆ ಮೇಲೆ ಕೂರುವ ಹೊತ್ತನ್ನು ಕಡಿಮೆ ಮಾಡಿ, ಇಳಿಯುವ ಹೊತ್ತನ್ನು ಮುಟ್ಟಬೇಡಿ.

ಕಾಗದದಲ್ಲಿ ಇನ್ನೊಂದು ಗಂಟೆಯನ್ನು ದೊಡ್ಡದಾಗಿ ಬರೆಯಿರಿ, ಅದು ತಿರುಗುವ ಗಂಟೆ. ತುದಿ ಮುಟ್ಟಿರಲಿ, ಬಿಟ್ಟಿರಲಿ, ಆ ಗಂಟೆಗೆ ವಾಪಸ್. ಕಾಗದದ ಫೋಟೊವನ್ನು ಮನೆಯವರಿಗೆ ಕಳಿಸಿ.

4. ನೀರು, ತಿಂಡಿ

ಉತ್ತರ ಪಿನಾಕಿನಿ, ಅರ್ಕಾವತಿ ಹುಟ್ಟುವ ಸಾಲು ಇದು. ಆದರೂ ದಾರಿಯಲ್ಲಿ ಕುಡಿಯಲು ಒಂದು ಬೊಗಸೆ ನೀರು ಸಿಗುತ್ತದೆ ಅಂತ ನಂಬಬೇಡಿ. ಒಬ್ಬರಿಗೆ ಮೂರು ಲೀಟರ್, ಚಳಿಗಾಲದಲ್ಲೂ ಎರಡಕ್ಕಿಂತ ಕಡಿಮೆ ಬೇಡ. ಅರ್ಧ ಖಾಲಿಯಾದ ಕೂಡಲೇ ತಿರುಗಿ. ತುದಿ ಇನ್ನು ಹತ್ತೇ ನಿಮಿಷ ಅಂತ ಯಾರು ಹೇಳಿದರೂ ಸರಿ.

ಮೇಲಿನಿಂದ ನೋಡಿದರೆ ಈಗ ಬೇಕಾದಷ್ಟು ಕೆರೆ ಮಿನುಗುತ್ತವೆ. ಅವುಗಳಲ್ಲಿ ಎಷ್ಟೋ ಕೆರೆಗಳಿಗೆ ಬರುವುದು ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು. ಕೋಲಾರದ ಕಡೆ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ 2018ರಿಂದ, ಚಿಕ್ಕಬಳ್ಳಾಪುರದ ಕಡೆ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯಲ್ಲಿ. ಅಂತರ್ಜಲ ಏರಲಿ ಅಂತ ತುಂಬಿಸಿದ್ದು, ನಮ್ಮ ಬಾಟಲಿಗಲ್ಲ. ಗುಡಿಬಂಡೆಯ ಕೊಳಗಳಲ್ಲಿ ನಿಂತ ನೀರೂ ಅಷ್ಟೇ, ಕುಡಿಯಬೇಡಿ.

ಬರೀ ನೀರು ಕುಡಿದರೆ ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರುವುದಿಲ್ಲ. ಒಂದು ಓಆರ್‌ಎಸ್ ಪೊಟ್ಟಣ ಇರಲಿ. ತಿಂಡಿಗೆ ಹುರಿದ ಕಡಲೆಕಾಯಿ, ಬೆಲ್ಲ, ಚಪಾತಿ-ಚಟ್ನಿಪುಡಿ ಸಾಕು. ಕೋತಿಗಳಿರುವ ನಂದಿ, ಅಂತರಗಂಗೆಯಲ್ಲಿ ಕೈಯಲ್ಲಿ ಕವರ್ ಹಿಡಿಯಬೇಡಿ. ಏನೇ ಇದ್ದರೂ ಬ್ಯಾಗಿನೊಳಗೆ.

5. ದಾರಿ ಕೇಳುವ ರೀತಿ

ಇಲ್ಲಿ ಒಂದೇ ಕಾಲುದಾರಿ ಇರುವುದಿಲ್ಲ. ಕುರಿ, ಮೇಕೆ ಮಾಡಿದ ಹತ್ತು ದಾರಿಗಳಿರುತ್ತವೆ. ಲಂಟಾನ ಪೊದೆಯಲ್ಲಿ ಅರ್ಧ ಮುಗಿದುಹೋಗುತ್ತವೆ. ಫೋನಿನ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು ಬನ್ನಿ, ಆದರೆ ಬುಡದಲ್ಲಿ ಒಬ್ಬರನ್ನು ಕೇಳಿ. 'ಈ ದಾರಿ ಮೇಲಕ್ಕೆ ಹೋಗುತ್ತಾ?' ಅಂತ ಕೇಳಿದರೆ 'ಹೋಗುತ್ತೆ' ಅನ್ನುತ್ತಾರೆ. ಎಲ್ಲಾ ದಾರಿಯೂ ಮೇಲಕ್ಕೇ ಹೋಗುವುದು! ಹೀಗೆ ಕೇಳಿ: 'ತಾತ, ಮೇಕೆ ಯಾವ ಕಡೆಯಿಂದ ಇಳಿಸ್ಕೊಂಡು ಬರ್ತೀರಿ?' ಅದೇ ನಿಮ್ಮ ದಾರಿ. ಗುಡಿಬಂಡೆ, ಬಾಗೇಪಲ್ಲಿ ಕಡೆ ಉತ್ತರ ತೆಲುಗಿನಲ್ಲಿ ಬಂದರೂ ಕೈ ತೋರಿಸಿದ ದಿಕ್ಕು ಅರ್ಥವಾಗುತ್ತದೆ. 'ಇಲ್ಲೇ, ಅರ್ಧ ಗಂಟೆ' ಅಂದರೆ ಅದು ಅವರ ಕಾಲಿನ ಅರ್ಧ ಗಂಟೆ.

ಹತ್ತುವಾಗ ಪ್ರತಿ ಕವಲಿನಲ್ಲಿ ಒಮ್ಮೆ ಹಿಂದೆ ತಿರುಗಿ ನೋಡಿ. ಇಳಿಯುವಾಗ ಕಾಣುವುದು ಆ ನೋಟ, ಹತ್ತುವಾಗಿನದಲ್ಲ. ಫೋಟೊ ತೆಗೆಯುವುದಾದರೆ ಅದನ್ನೂ ತೆಗೆಯಿರಿ.

6. ಬಂಡೆಯ ಮೇಲೆ

ಒಣಗಿದ ಬಂಡೆ ಒರಟಾಗಿರುತ್ತದೆ, ಒಳ್ಳೆಯ ರಬ್ಬರ್ ಅಟ್ಟೆ ಗಟ್ಟಿಯಾಗಿ ಹಿಡಿಯುತ್ತದೆ. ಕಪ್ಪು ಪಟ್ಟೆಗಳ ಮೇಲೆ ಕಣ್ಣಿರಲಿ. ಮಳೆನೀರು ಹರಿಯುವ ಜಾಗ ಅದು, ಪಾಚಿ ಕಟ್ಟಿರುತ್ತದೆ. ಮಂಜಿನ ತೇವ ಸಾಕು, ಜಾರುತ್ತದೆ.

ಕಡಿದಾದ ಬಂಡೆಯ ಕೆಳಗೆ ಹೆಜ್ಜೇನು ಕಟ್ಟಿರಬಹುದು. ಹೊಗೆ, ಕೂಗಾಟ, ಡ್ರೋನ್ ಬೇಡ. ಎದ್ದುಬಿಟ್ಟರೆ ಕೈ ಬೀಸದೆ ಮುಖ ಮುಚ್ಚಿಕೊಂಡು ದೂರ ಹೋಗಿ. ಬೇಸಿಗೆಯಲ್ಲಿ ಬೀಡಿ-ಸಿಗರೇಟಿನ ಒಂದು ಕಿಡಿ ಆಳೆತ್ತರದ ಒಣಹುಲ್ಲಿಗೆ ಸಾಕು, ಗುಡ್ಡವೇ ಉರಿಯುತ್ತದೆ.

ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ತುದಿಯನ್ನು ಬಿಟ್ಟು ಇಳಿಯಿರಿ. ಒಂಟಿ ಮರ, ಕೋಟೆಯ ಮೇಲಿನ ಮಂಟಪ ಎರಡೂ ಆಸರೆಯಲ್ಲ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಮತ್ತೆ ಹತ್ತಬೇಡಿ.

7. ಇಳಿಯುವುದು

ಮೇಲಿಂದ ಹೊರಡುವ ಮುಂಚೆ ಶೂ ಲೇಸನ್ನು ಬಿಚ್ಚಿ ಪಾದದ ಗೆಣ್ಣಿನ ಹತ್ತಿರ ಬಿಗಿಯಾಗಿ ಮತ್ತೆ ಕಟ್ಟಿ. ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳ ಉಗುರು ಕಪ್ಪಾಗುತ್ತದೆ. ಉಗುರನ್ನು ಹಿಂದಿನ ದಿನವೇ ಕತ್ತರಿಸಿರಬೇಕು.

ಮಂಡಿ ಸ್ವಲ್ಪ ಬಗ್ಗಿರಲಿ, ಹೆಜ್ಜೆ ಚಿಕ್ಕದಿರಲಿ. ಹಿಮ್ಮಡಿ ಕುಟ್ಟಬೇಡಿ, ಇಡೀ ಪಾದ ಬಂಡೆಗೆ ತಾಗಲಿ. ನೇರ ಇಳಿಯುವ ಬದಲು ಓರೆಯಾಗಿ, ಅಡ್ಡಡ್ಡ ಇಳಿಯಿರಿ. ತೀರಾ ಕಡಿದಾದಲ್ಲಿ ಬಂಡೆಗೆ ಮುಖ ಮಾಡಿ ಕೈ ಊರಿ ಇಳಿಯಿರಿ. ಕೂತು ಜಾರಿದರೂ ಯಾರೂ ನಗುವುದಿಲ್ಲ, ನಗಲಿ ಬಿಡಿ. ಮುಂದಿರುವವರ ತಲೆಯ ನೇರಕ್ಕೆ ನಿಲ್ಲಬೇಡಿ, ನಿಮ್ಮ ಕಾಲಿನಿಂದ ಉರುಳಿದ ಕಲ್ಲು ಅವರ ಮೇಲೆ ಬೀಳುತ್ತದೆ. ಓಡಬೇಡಿ, ಹುಡುಗರಿಗೆ ಇದನ್ನು ಎರಡು ಸಲ ಹೇಳಿ.

'ಇಲ್ಲೊಂದು ಅಡ್ಡದಾರಿ ಇದೆ' ಅನ್ನುವ ಮಾತು ಇಳಿಯುವಾಗಲೇ ಬರುವುದು. 2022ರ ಫೆಬ್ರುವರಿಯಲ್ಲಿ ನಂದಿಯ ಪಕ್ಕದ ಬ್ರಹ್ಮಗಿರಿ ಬಂಡೆಗಳಲ್ಲಿ 19 ವರ್ಷದ ವಿದ್ಯಾರ್ಥಿಯೊಬ್ಬ ಸುಮಾರು 300 ಅಡಿ ಜಾರಿ ಒಂದು ಚಾಚಿನ ಮೇಲೆ ಸಿಕ್ಕಿಬಿದ್ದ. ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತಬೇಕಾಯಿತು. ದಾರಿ ತಪ್ಪಿದ್ದು ಗೊತ್ತಾದ ಕೂಡಲೇ ಹೊಸ ದಾರಿ ಹುಡುಕದೆ, ಕೊನೆಗೆ ಗುರುತು ಸಿಕ್ಕ ಜಾಗಕ್ಕೆ ಹತ್ತಿ ವಾಪಸ್ ಹೋಗಿ. ಆಗದಿದ್ದರೆ ಅಲ್ಲೇ ಕೂತು 112ಕ್ಕೆ ಕರೆ ಮಾಡಿ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಾಲನ್ನು ಅಲುಗಿಸದೆ ಹೊತ್ತು ಇಳಿಸಿ, 108 ಕರೆಸಿ, ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೊರಲು ಜನ ಬೇಕಲ್ವಾ? ನಾಲ್ಕು ಜನಕ್ಕಿಂತ ಕಡಿಮೆ ಹೋಗಬೇಡಿ ಅನ್ನುವುದು ಇದಕ್ಕೇ.

ಬುಡಕ್ಕೆ ಬಂದಮೇಲೆ ಪ್ಯಾಂಟಿನ ಮಡಿಕೆ, ಸಾಕ್ಸ್ ಕೊಡವಿ. ಮೇಕೆ ಮೇಯುವ ಜಾಗದಲ್ಲಿ ರಕ್ತ ಹೀರುವ ಉಣ್ಣೆ ಹುಳ ಹತ್ತಿರುತ್ತದೆ. ಮನೆಯವರಿಗೆ ಇಳಿದೆವು ಅಂತ ತಿಳಿಸಿ.

ಮಾರನೇ ದಿನ ಮೆಟ್ಟಿಲು ಇಳಿಯಲು ತೊಡೆ ನೋಯುವುದು ನಿಂತಮೇಲೆ ಮುಂದಿನದನ್ನು ಯೋಚಿಸಿ. ಅಂತರಗಂಗೆಯಲ್ಲಿ ಬಂಡೆಗಳು ಒಂದರ ಮೇಲೊಂದು ಬಿದ್ದು ಆದ ಗವಿಗಳಿವೆ. ದಾರಿ ಗೊತ್ತಿರುವ ಸ್ಥಳೀಯರ ಜೊತೆ ತೆವಳಿ ನೋಡಬಹುದು. ತುಮಕೂರಿನ ದೇವರಾಯನದುರ್ಗದಲ್ಲಿ ಮರದ ನೆರಳು ಜಾಸ್ತಿ, ಬಂಡೆಯಿಂದ ನೀರು ಚಿಮ್ಮುವ ನಾಮದ ಚಿಲುಮೆಯೂ ಹತ್ತಿರ. ಮಧುಗಿರಿಯನ್ನು ಕೊನೆಗೆ ಇಟ್ಟುಕೊಳ್ಳಿ. ಒಂದೇ ದೊಡ್ಡ ಬಂಡೆ ಅದು. ಕಡಿದಾದ ಕಡೆ ಬಂಡೆಯಲ್ಲೇ ಕಾಲಿಡಲು ಕಚ್ಚು ಕೊರೆದಿದ್ದಾರೆ, ಕೆಲವೆಡೆ ಹಿಡಿಯಲು ಕಂಬಿ ಇದೆ. ಮಳೆಯ ಮೋಡ ಕಂಡ ದಿನ ಅದರ ಕೆಳಗಿನ ಊರಲ್ಲಿ ದೇವಸ್ಥಾನ ನೋಡಿಕೊಂಡು ಬಸ್ ಹತ್ತಿ.